ಮೊನ್ಜಾದ ಮೊದಲ ತಿರುವಿನಲ್ಲಿ ಜಿಗಿಯುತ್ತಿದ್ದ ಕಾರುಗಳು: ಒಂದು ದುರಸ್ತಿಯ ದಾಖಲೆ

ಪ್ರತಿ ಶನಿವಾರ ರಾತ್ರಿ ಒಂಬತ್ತೂವರೆಗೆ ನಾವು ಹನ್ನೆರಡು ಜನ ಅಸೆಟ್ಟೊ ಕೊರ್ಸಾ ಎಂಬ ಕಾರ್ ರೇಸಿನ ಕಂಪ್ಯೂಟರ್ ಆಟದಲ್ಲಿ ಇಂಟರ್‌ನೆಟ್ ಮೂಲಕ ಒಟ್ಟಿಗೆ ರೇಸ್ ಓಡಿಸುತ್ತೇವೆ. ಮೈಸೂರಿನಿಂದ ನಾನು ಮತ್ತು ನನ್ನ ಚಿಕ್ಕಪ್ಪನ ಮಗ, ಬೆಂಗಳೂರಿನಿಂದ ಆರು ಜನ, ಮಂಗಳೂರಿನಿಂದ ಇಬ್ಬರು, ಹುಬ್ಬಳ್ಳಿಯಿಂದ ನಮ್ಮೆಲ್ಲರಿಗಿಂತ ವಯಸ್ಸಿನಲ್ಲಿ ಹಿರಿಯರಾದ ಒಬ್ಬರು, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕಿರುವ ಒಬ್ಬ ಗೆಳೆಯ. ಇಟಲಿಯ ಕುನೋಸ್ ಸಿಮುಲಾಟ್ಸಿಯೋನಿ 2014ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಈ ಸಿಮ್ಯುಲೇಟರಿನ ನಂತರ ಹೊಸವು ಎಷ್ಟೋ ಬಂದಿದ್ದರೂ ನಾವು ಇದನ್ನು ಬಿಟ್ಟಿಲ್ಲ. ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲೂ ಇದು ಓಡುತ್ತದೆ, ಮತ್ತು ಸ್ವಂತ ಸರ್ವರ್ ನಡೆಸಲು ಬೇಕಾದ ತಂತ್ರಾಂಶವನ್ನು ಕಂಪನಿಯೇ ಕೊಟ್ಟಿದೆ.

ಕೆಲವು ತಿಂಗಳ ಹಿಂದೆ ಈ ಶನಿವಾರಗಳು ನಿಂತೇಹೋಗುವ ಹಂತಕ್ಕೆ ಬಂದಿದ್ದವು. ಆಟದಲ್ಲಿರುವ ಇಟಲಿಯ ಮೊನ್ಜಾ ರೇಸ್ ಟ್ರ್ಯಾಕಿನ ನೇರ ಹಾದಿ ಮುಗಿಯುವಲ್ಲಿ, ಎಲ್ಲರೂ ಗಂಟೆಗೆ 250 ಕಿಲೋಮೀಟರಿನಷ್ಟು ವೇಗದಿಂದ ಒಟ್ಟಿಗೇ ಬ್ರೇಕ್ ತುಳಿಯುವ ಮೊದಲ ಷಿಕೇನಿನಲ್ಲಿ (ವೇಗ ತಗ್ಗಿಸಲೆಂದೇ ಇಟ್ಟ ಬಿಗಿಯಾದ ಎಡ-ಬಲ ತಿರುವುಗಳು), ಮುಂದಿದ್ದ ಕಾರು ಇದ್ದಕ್ಕಿದ್ದಂತೆ ಹಿಂದಕ್ಕೆ ಜಿಗಿದು ನನ್ನ ಬಾನೆಟ್ಟಿನ ಒಳಗೇ ಬಂದು ಕೂರುತ್ತಿತ್ತು. ಅವನ ಪರದೆಯಲ್ಲಿ ನೋಡಿದರೆ ನಾನೇ ಹಿಂದಿನಿಂದ ಬಂದು ಗುದ್ದಿದ್ದೆ. ಯಾರದು ತಪ್ಪು ಎಂಬ ವಾದ ರೇಸಿಗಿಂತ ಹೆಚ್ಚು ಹೊತ್ತು ನಡೆಯುತ್ತಿತ್ತು. ಮೂರು ವಾರ ಹೀಗೆ ನಡೆದ ಮೇಲೆ, ವಾದ ನಿಲ್ಲಿಸಿ ದೋಷವನ್ನೇ ಹುಡುಕುವುದೆಂದು ಕೂತೆ.

ಆಟ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ಕೆಲಸವೂ ಅದರ ಮೇಲೆಯೇ ನಿಂತಿದೆ. ಅಸೆಟ್ಟೊ ಕೊರ್ಸಾದಲ್ಲಿ ನನ್ನ ಕಾರಿನ ಟೈರು, ಸಸ್ಪೆನ್ಷನ್ನು, ಎಂಜಿನ್ನುಗಳ ಲೆಕ್ಕವನ್ನು ನನ್ನ ಕಂಪ್ಯೂಟರೇ ಸೆಕೆಂಡಿಗೆ 333 ಬಾರಿ ಮಾಡುತ್ತದೆ. ಉಳಿದ ಹನ್ನೊಂದು ಕಾರುಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವು ಎಲ್ಲಿವೆ, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಗುತ್ತಿವೆ ಎಂಬ ಸಣ್ಣ ಪ್ಯಾಕೆಟ್ಟುಗಳನ್ನು ಸರ್ವರ್ ಒಬ್ಬರಿಂದ ಪಡೆದು ಉಳಿದವರಿಗೆ ಹಂಚುತ್ತದೆ. ಸರ್ವರ್ ಸೆಟ್ಟಿಂಗ್ ಕಡತದಲ್ಲಿ ನಾವು ಬದಲಿಸದಿದ್ದರೆ ಇದರ ಲೆಕ್ಕ ಸೆಕೆಂಡಿಗೆ 18 ಬಾರಿ, ಅಂದರೆ ಸುಮಾರು 56 ಮಿಲಿಸೆಕೆಂಡಿಗೆ ಒಮ್ಮೆ. ಗಂಟೆಗೆ 250 ಕಿಲೋಮೀಟರ್ ವೇಗದ ಕಾರು ಆ ಅವಧಿಯಲ್ಲಿ ಸುಮಾರು 3.9 ಮೀಟರ್ ಮುಂದೆ ಹೋಗಿರುತ್ತದೆ. ಒಂದು ಪ್ಯಾಕೆಟ್ಟಿನಿಂದ ಮುಂದಿನ ಪ್ಯಾಕೆಟ್ಟಿನವರೆಗಿನ ಅಷ್ಟು ದೂರವನ್ನು ನನ್ನ ಕಂಪ್ಯೂಟರ್ ಊಹೆಯ ಮೇಲೆ ಚಿತ್ರಿಸುತ್ತದೆ.

ಆ ಊಹೆ ನೇರ ಹಾದಿಯಲ್ಲಿ ಬಹುಮಟ್ಟಿಗೆ ಸರಿಯಾಗಿರುತ್ತದೆ, ಏಕೆಂದರೆ ಅಲ್ಲಿ ಕಾರು ಹಿಂದಿನ ಕ್ಷಣ ಹೋಗುತ್ತಿದ್ದ ಹಾಗೆಯೇ ಈ ಕ್ಷಣವೂ ಹೋಗುತ್ತಿರುತ್ತದೆ. ಬ್ರೇಕ್ ಹಾಕುವ ಜಾಗದಲ್ಲಿ ಹಾಗಲ್ಲ. ಎದುರಾಳಿ ಗುರುತ್ವದ ಒಂದೂವರೆ ಪಟ್ಟಿನಷ್ಟು ಬಲವಾಗಿ ಬ್ರೇಕ್ ಹಾಕಿದ್ದಾನೆ, ಅದೇ ಹೊತ್ತಿಗೆ ಅರ್ಧ ಸೆಕೆಂಡು ಅವನ ಪ್ಯಾಕೆಟ್ಟು ಬಂದಿಲ್ಲ ಎಂದುಕೊಳ್ಳಿ. ಅವನು ಹಳೆಯ ವೇಗದಲ್ಲೇ ಹೋಗುತ್ತಿದ್ದಾನೆಂದು ನನ್ನ ಪರದೆ ತೋರಿಸಿದರೆ, ನಿಜವಾದ ಸ್ಥಾನಕ್ಕಿಂತ ಸುಮಾರು 1.8 ಮೀಟರ್ ಮುಂದೆ ಅವನ ಚಿತ್ರ ಇರುತ್ತದೆ. ಪ್ಯಾಕೆಟ್ಟು ಬಂದ ಕೂಡಲೇ ಆ 1.8 ಮೀಟರನ್ನು ಸರಿಪಡಿಸಲು ಕಾರು ಹಿಂದಕ್ಕೆ ಜಿಗಿಯುತ್ತದೆ, ಅಲ್ಲಿ ನನ್ನ ಮೂತಿ ಇರುತ್ತದೆ. ಎಲ್ಲ ಜಗಳವೂ ಮೊದಲ ಷಿಕೇನಿನಲ್ಲೇ ಏಕೆ ಹುಟ್ಟುತ್ತಿತ್ತು ಎಂಬುದು ಈ ಲೆಕ್ಕ ಹಾಕಿದ ದಿನ ನನಗೆ ಅರ್ಥವಾಯಿತು.

ಪ್ಯಾಕೆಟ್ಟು ತಡವಾಗಿ ಬರುವುದು ಅಷ್ಟು ದೊಡ್ಡ ಕೇಡಲ್ಲ ಎಂಬುದೂ ಇದರಿಂದಲೇ ತಿಳಿಯಿತು. ಪ್ರತಿ ಪ್ಯಾಕೆಟ್ಟೂ 70 ಮಿಲಿಸೆಕೆಂಡ್ ತಡವಾಗಿಯೇ ಬರುತ್ತದೆ ಎಂದಾದರೆ ಊಹೆಯಲ್ಲಿ ಆ 70ನ್ನು ಸೇರಿಸಿಕೊಳ್ಳಬಹುದು. ಒಂದು 20ಕ್ಕೆ, ಮುಂದಿನದು 200ಕ್ಕೆ, ಅದರ ಮುಂದಿನದು ಬಾರದೆಯೇ ಹೋದರೆ ಯಾವ ಊಹೆಯೂ ನಿಲ್ಲುವುದಿಲ್ಲ. ವಿಳಂಬಕಾಲದಲ್ಲಿ ಹಾಡುವವರ ಜೊತೆ ಪಕ್ಕವಾದ್ಯದವರು ನಿರಾಯಾಸವಾಗಿ ನುಡಿಸುತ್ತಾರೆ. ತಾಳ ಹಾಕುವ ಕೈಯೇ ಏರುಪೇರಾದರೆ ಎಂಥವರೂ ಎಡವುತ್ತಾರೆ. ಇಂಟರ್‌ನೆಟ್ ಪ್ಲಾನಿನ ವೇಗವನ್ನು ಹೆಚ್ಚಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ನಮ್ಮಲ್ಲಿ ಇಬ್ಬರು ಆಗಲೇ ಹಣ ಕಟ್ಟಿ ನೋಡಿದ್ದರು, ಪ್ರಯೋಜನವಾಗಿರಲಿಲ್ಲ.

ಯಾವ ಉಪಕರಣವನ್ನೂ ಮುಟ್ಟುವ ಮೊದಲು ಒಂದು ಕಾಗದದ ಕೆಲಸ ಮಾಡಿದೆವು. ಎರಡು ಶನಿವಾರ, ಪ್ರತಿ ರೇಸ್ ಮುಗಿದ ಕೂಡಲೇ, ತನಗೆ ಯಾವ ಯಾವ ಕಾರು ಜಿಗಿಯುವುದು ಕಂಡಿತು, ಯಾವ ಹೊತ್ತಿನಲ್ಲಿ, ಎಂದು ಹನ್ನೆರಡೂ ಜನ ಬರೆದು ಕಳಿಸಬೇಕು. ಇದರ ಹಿಂದಿನ ತರ್ಕ ಸರಳವಾಗಿದೆ. ಒಬ್ಬನಿಗೆ ಮಾತ್ರ ಉಳಿದೆಲ್ಲರೂ ಜಿಗಿಯುವಂತೆ ಕಂಡು, ಉಳಿದೆಲ್ಲರಿಗೂ ಅವನೊಬ್ಬನೇ ಜಿಗಿಯುವಂತೆ ಕಂಡರೆ, ದೋಷ ಅವನ ಮನೆಯ ಸಂಪರ್ಕದಲ್ಲಿದೆ. ಒಬ್ಬನ ಕಾರು ಎಲ್ಲರಿಗೂ ಜಿಗಿಯುತ್ತಿದ್ದು ಅವನಿಗೆ ಮಾತ್ರ ಎಲ್ಲವೂ ನೆಟ್ಟಗೆ ಕಂಡರೆ, ಅವನಿಂದ ಪ್ಯಾಕೆಟ್ಟು ಹೊರಡುವಲ್ಲಿ ಏನೋ ತಪ್ಪಿದೆ. ಎಲ್ಲರಿಗೂ ಎಲ್ಲರೂ ಒಂದೇ ಹೊತ್ತಿನಲ್ಲಿ ಜಿಗಿದರೆ ಸರ್ವರಿನ ಕಡೆ ನೋಡಬೇಕು.

ಬಂದ ಉತ್ತರಗಳನ್ನು ಒಂದು ಪಟ್ಟಿಯಲ್ಲಿ ಬರೆದಾಗ ಒಂದರ ಮೇಲೊಂದು ಹೊದ್ದುಕೊಂಡ ಮೂರು ದೋಷಗಳು ಕಂಡವು. ಮೊದಲನೆಯದು ನನ್ನದೇ ಮನೆ, ಇದನ್ನು ಒಪ್ಪಿಕೊಳ್ಳಲು ಒಂದು ದಿನ ಹಿಡಿಯಿತು. ಎರಡನೆಯದು ಹುಬ್ಬಳ್ಳಿಯ ಹಿರಿಯರದು. ಮೂರನೆಯದು ರಾತ್ರಿ ಹತ್ತರ ಆಸುಪಾಸಿನಲ್ಲಿ ಎಲ್ಲರಿಗೂ ಒಟ್ಟಿಗೆ ಕಾಣುತ್ತಿದ್ದದ್ದು.

ನನ್ನ ಮನೆಯಿಂದಲೇ ಶುರುಮಾಡಿದೆ. ರೂಟರ್ ಕೆಳಗಿನ ಹಜಾರದಲ್ಲಿದೆ, ಆಡುವ ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿದೆ, ನಡುವೆ ಕಾಂಕ್ರೀಟ್ ಚಾವಣಿ ಇದೆ, ಸಂಪರ್ಕ 2.4 ಗಿಗಾಹರ್ಟ್ಸ್ ವೈಫೈ. ದೂರದ ಸರ್ವರನ್ನು ಅಳೆಯುವ ಮೊದಲು ನಮ್ಮ ರೂಟರನ್ನೇ ಅಳೆಯಬೇಕೆಂದು ಸೆಕೆಂಡಿಗೊಂದರಂತೆ 600 ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಪುಟ್ಟ ಪ್ಯಾಕೆಟ್ಟು) ಕಳಿಸಿದೆ. ಒಂದೂ ಕಳೆದುಹೋಗಲಿಲ್ಲ, ಆದರೆ ಕನಿಷ್ಠ 2 ಮಿಲಿಸೆಕೆಂಡಿನಲ್ಲಿ ಬಂದ ಉತ್ತರ ಗರಿಷ್ಠ 180ಕ್ಕೂ ಏರಿತ್ತು. ಹತ್ತು ಮೀಟರ್ ದೂರದ ಪೆಟ್ಟಿಗೆಯಿಂದ ಉತ್ತರ ಬರಲು ಇಷ್ಟು ಏರಿಳಿತವಾದರೆ ಮುಂದಿನದನ್ನು ಅಳೆಯುವುದೇ ವ್ಯರ್ಥ. ಸುತ್ತಲಿನ ಮನೆಗಳ ವೈಫೈ ಪಟ್ಟಿ ತೆಗೆದು ನೋಡಿದರೆ, ಒಂದರ ಮೇಲೊಂದು ಹರಡದ ಚಾನೆಲ್ಲುಗಳೆಂದು ಹೇಳಲಾಗುವ 1, 6, 11ರಲ್ಲಿ ಮೂರೂ ಕಿಕ್ಕಿರಿದಿದ್ದವು. ವೈಫೈಯಲ್ಲಿ ಎಲ್ಲರೂ ಸರದಿಯಂತೆ ಮಾತಾಡಬೇಕು. ಪಕ್ಕದ ಮನೆಯ ಟಿವಿ ಮಾತಾಡುತ್ತಿರುವಾಗ ನನ್ನ ಕಾರು ಕಾಯಬೇಕು. ಹಾಗಾಗಿ ಕೇಬಲ್ಲೇ ಗತಿ.

ಕೇಬಲ್ ಆಗಲೇ ಮನೆಯಲ್ಲಿತ್ತು. ಮೂರು ವರ್ಷದ ಹಿಂದೆ ಮನೆಗೆ ಬಣ್ಣ ಹೊಡೆಸಿದಾಗ ಮೆಟ್ಟಿಲ ಪಕ್ಕದಲ್ಲಿ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆದು, 22 ಮೀಟರ್ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆದು, ಎರಡೂ ತುದಿಗೆ ಆರ್‌ಜೆ45 ಪ್ಲಗ್ಗುಗಳನ್ನು ನಾನೇ ಕ್ರಿಂಪ್ ಮಾಡಿದ್ದೆ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಿದ್ದೆ. ನಂತರ ವೈಫೈಯ ಸುಖಕ್ಕೆ ಬಿದ್ದು ಅದನ್ನು ಮರೆತಿದ್ದೆ. ಅದನ್ನೇ ಜೋಡಿಸಿ ಶನಿವಾರಕ್ಕೆ ಕಾದೆ. ಆ ರೇಸು ವೈಫೈಗಿಂತ ಕೆಟ್ಟದಾಗಿತ್ತು. ಕಾರುಗಳು ಈಗ ದೂರ ಜಿಗಿಯುತ್ತಿರಲಿಲ್ಲ, ಬದಲಿಗೆ ಸದಾ ಸಣ್ಣಗೆ ನಡುಗುತ್ತಿದ್ದವು, ಹಳೆಯ ಪ್ರೊಜೆಕ್ಟರಿನಲ್ಲಿ ರೀಲು ಸಿಕ್ಕಿಕೊಂಡ ಹಾಗೆ.

ಈ ಘಟ್ಟದಲ್ಲಿ ನಾನು ನಾಲ್ಕು ದಿನ ಕಳೆದುಕೊಂಡೆ, ಅದಕ್ಕೆ ಕಾರಣ ಎರಡು ಸುಳ್ಳು ಸಾಕ್ಷಿಗಳು. ವೇಗ ಅಳೆಯುವ ಜಾಲತಾಣಗಳು ನನ್ನ 50 ಮೆಗಾಬಿಟ್ ಪ್ಲಾನಿಗೆ ತಕ್ಕ ವೇಗವನ್ನೇ ತೋರಿಸುತ್ತಿದ್ದವು. ಕೇಬಲ್ ಟೆಸ್ಟರಿನಲ್ಲಿ 1ರಿಂದ 8ರವರೆಗೆ ಎಂಟೂ ದೀಪಗಳು ಎರಡೂ ತುದಿಯಲ್ಲಿ ಸಾಲಾಗಿ ಹತ್ತುತ್ತಿದ್ದವು. ಹೀಗಿರುವಾಗ ಕೇಬಲ್ಲಿನ ಮೇಲೆ ಸಂಶಯ ಬರುವುದು ಹೇಗೆ? ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಬದಲಿಸಿದೆ, ವಿದ್ಯುತ್ ಉಳಿತಾಯದ ಆಯ್ಕೆಗಳನ್ನೆಲ್ಲ ತೆಗೆದೆ, ರೂಟರಿನ ಬೇರೆ ಕಿಂಡಿಗೆ ಚುಚ್ಚಿದೆ. ಕೊನೆಗೆ ಮತ್ತೆ ಅದೇ ಹಳೆಯ ಪರೀಕ್ಷೆ: ರೂಟರಿಗೆ 600 ಪಿಂಗ್. ಬಂದವೆಲ್ಲ 1 ಮಿಲಿಸೆಕೆಂಡಿನ ಒಳಗೆ ಬಂದಿದ್ದವು, ಆದರೆ 9 ಬಂದೇ ಇರಲಿಲ್ಲ. ಅಂದರೆ ನೂರಕ್ಕೆ ಒಂದೂವರೆ ನಷ್ಟ. ಹನ್ನೊಂದು ಎದುರಾಳಿಗಳಿಂದ ಸೆಕೆಂಡಿಗೆ 18ರಂತೆ 198 ಸುದ್ದಿಗಳು ನನಗೆ ಬರಬೇಕು. ಅದೇ ಪ್ರಮಾಣದಲ್ಲಿ ಕಳೆದುಹೋದರೆ ಪ್ರತಿ ಸೆಕೆಂಡೂ ಮೂರು ಸುದ್ದಿಗಳು ಮಣ್ಣುಪಾಲು. ಪರದೆಯ ನಡುಕ ಅದೇ. ವೇಗ ಅಳೆಯುವ ತಾಣ ಇದನ್ನು ಹಿಡಿಯದಿರಲು ಕಾರಣ, ಅದು ಟಿಸಿಪಿ ಎಂಬ ಸಾಗಣೆಯ ವಿಧಾನದಲ್ಲಿ ನಡೆಯುತ್ತದೆ. ಕಳೆದುಹೋದ ಪ್ಯಾಕೆಟ್ಟನ್ನು ಟಿಸಿಪಿ ಸದ್ದಿಲ್ಲದೆ ಮತ್ತೆ ತರಿಸಿಕೊಳ್ಳುತ್ತದೆ. ಆಟದ ಸ್ಥಾನಸುದ್ದಿಗಳು ಯುಡಿಪಿ ಎಂಬ ಇನ್ನೊಂದು ವಿಧಾನದಲ್ಲಿ ಬರುತ್ತವೆ, ಅಲ್ಲಿ ಹೋದದ್ದು ಹೋಯಿತು.

ರೂಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಇದ್ದುದರಿಂದ ಆ ಕಿಂಡಿಯ ಎಣಿಕೆಗಳನ್ನು ಈಥ್‌ಟೂಲ್ ಆಜ್ಞೆಯಿಂದ ತೆಗೆದು ನೋಡಿದೆ. ಸಿಆರ್‌ಸಿ ದೋಷಗಳ (ದಾರಿಯಲ್ಲೇ ಕೆಟ್ಟು ಬಂದವುಗಳ) ಎಣಿಕೆ ನಿಮಿಷ ನಿಮಿಷಕ್ಕೂ ಏರುತ್ತಿತ್ತು, ಮತ್ತು ಸಂಪರ್ಕ ಕೆಲವೊಮ್ಮೆ 1 ಗಿಗಾಬಿಟ್ ಎಂದೂ ಕೆಲವೊಮ್ಮೆ 100 ಮೆಗಾಬಿಟ್ ಎಂದೂ ಬದಲಾಗುತ್ತಿತ್ತು. ಪ್ಲಗ್ಗನ್ನು ಕಿತ್ತು ಬೆಳಕಿಗೆ ಹಿಡಿದಾಗ ಮೂರು ವರ್ಷದ ಹಿಂದಿನ ನನ್ನ ಅಜ್ಞಾನ ಬಣ್ಣಬಣ್ಣವಾಗಿ ಕಂಡಿತು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು ಎಂದು ನೋಡಲು ಚಂದವಾಗಿ ಜೋಡಿ ಜೋಡಿಯಾಗಿ ಸಾಲುಮಾಡಿದ್ದೆ. ಎರಡೂ ತುದಿಯಲ್ಲಿ ಒಂದೇ ಸಾಲಿದ್ದರೆ ಸಾಕೆಂದು ಆಗ ನನ್ನ ನಂಬಿಕೆ.

ಸಾಲದು. ಈಥರ್ನೆಟ್ ಕೇಬಲ್ಲಿನಲ್ಲಿ ಪ್ರತಿ ಸಂಕೇತವೂ ಒಂದಕ್ಕೊಂದು ಹೆಣೆದುಕೊಂಡ ಎರಡು ತಂತಿಗಳಲ್ಲಿ, ಒಂದರಲ್ಲಿ ಏರಿದರೆ ಇನ್ನೊಂದರಲ್ಲಿ ಇಳಿಯುವಂತೆ, ಹೋಗುತ್ತದೆ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುವುದರಿಂದ ಆ ತುದಿಯಲ್ಲಿ ವ್ಯತ್ಯಾಸ ತೆಗೆದಾಗ ಅದು ಅಳಿಸಿಹೋಗುತ್ತದೆ. ಪ್ಲಗ್ಗಿನಲ್ಲಿ ಜೋಡಿಗಳು 1-2, 3-6, 4-5, 7-8. ನನ್ನ ಸಾಲಿನಲ್ಲಿ 3ಕ್ಕೆ ಬಿಳಿ-ಹಸಿರು, 6ಕ್ಕೆ ನೀಲಿ ಬಿದ್ದಿತ್ತು. 4ಕ್ಕೆ ಹಸಿರು, 5ಕ್ಕೆ ಬಿಳಿ-ನೀಲಿ. ಅಂದರೆ ಎರಡು ಜೋಡಿಗಳ ತಂತಿಗಳು ತಮ್ಮ ಸಂಗಾತಿಯನ್ನು ಬಿಟ್ಟು ಬೇರೆಯವರೊಡನೆ ಹೆಣೆದುಕೊಂಡಿದ್ದವು. ತಾಮ್ರ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂಬುದನ್ನು ಮಾತ್ರ ನೋಡುವ ಇನ್ನೂರು-ಮುನ್ನೂರು ರೂಪಾಯಿಯ ಟೆಸ್ಟರಿಗೆ ಇದು ಎಂದಿಗೂ ಗೊತ್ತಾಗುವುದಿಲ್ಲ. ಕೇಬಲ್ ಗಿಡ್ಡದಾಗಿದ್ದರೆ ದೋಷ ಅಡಗಿಯೇ ಇರುತ್ತಿತ್ತೇನೋ. 22 ಮೀಟರ್ ಉದ್ದಕ್ಕೆ, ಅದೂ ಮೆಟ್ಟಿಲ ಪಕ್ಕ ವಿದ್ಯುತ್ ತಂತಿಯ ಜೊತೆ ಸಾಗುವಾಗ, ಹೊರಬಿದ್ದಿತು.

ಎರಡೂ ತುದಿ ಕತ್ತರಿಸಿ ಟಿ568ಬಿ ಎಂಬ ಪ್ರಮಾಣಿತ ಸಾಲಿನಲ್ಲಿ ಮತ್ತೆ ಕ್ರಿಂಪ್ ಮಾಡಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ಲಗ್ಗಿನ ಚಿನ್ನದ ಬಣ್ಣದ ತಗಡುಗಳು ನಮ್ಮ ಕಡೆಗಿದ್ದು ಕೊಂಡಿ ಆಚೆ ಬದಿಗಿರುವಂತೆ ಹಿಡಿದು ಎಡದಿಂದ ಎಣಿಸಬೇಕು. ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಹೊರಕವಚದ ತುದಿ ಪ್ಲಗ್ಗಿನ ಒಳಗೆ ಹೋಗಿ ಅಲ್ಲಿನ ಅಚ್ಚಿನಡಿ ಸಿಕ್ಕಿಕೊಳ್ಳಬೇಕು. ಮೊದಲ ಪ್ಲಗ್ಗು ಕೆಟ್ಟಿತು, ಎರಡನೆಯದು ಸರಿಯಾಯಿತು. ಕೇಬಲ್ ಕೊಳ್ಳುವವರಿಗೆ ಇಲ್ಲೇ ಒಂದು ಮಾತು: ಅಗ್ಗದ ಕೇಬಲ್ಲುಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಮಾತ್ರ ಇರುತ್ತದೆ; ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಹೊಸ ಪ್ಲಗ್ಗುಗಳೊಡನೆ ಕಳಿಸಿದ 600ಕ್ಕೆ 600 ಪಿಂಗ್ ವಾಪಸು ಬಂದವು, ಎಲ್ಲವೂ 1 ಮಿಲಿಸೆಕೆಂಡಿನ ಒಳಗೆ, ಮತ್ತು ಸಿಆರ್‌ಸಿ ಎಣಿಕೆ ಅಲುಗಾಡಲಿಲ್ಲ.

ಮನೆಯೊಳಗಿನ ಇನ್ನೊಂದು ಕೆಡುಕು ಒಂದು ಮದುವೆಯಿಂದ ಬೆಳಕಿಗೆ ಬಂತು. ಆ ಶನಿವಾರ ಅಮ್ಮ ನೆಂಟರ ಮದುವೆ ಮುಗಿಸಿ ಬಂದು ಫೋನನ್ನು ವೈಫೈಗೆ ಸೇರಿಸಿದ್ದೇ ತಡ, ಮುನ್ನೂರು ಫೋಟೋ ಮತ್ತು ಹತ್ತಾರು ವಿಡಿಯೋಗಳು ಆನ್‌ಲೈನ್ ಸಂಗ್ರಹಕ್ಕೆ ಏರತೊಡಗಿದವು. ಮುಂಬೈಯ ಒಂದು ವಿಳಾಸಕ್ಕೆ ನಾನು ಬಿಟ್ಟಿದ್ದ ಪಿಂಗ್ 28 ಮಿಲಿಸೆಕೆಂಡಿನಿಂದ 240ಕ್ಕೆ ಏರಿ ಅಲ್ಲೇ ನಿಂತಿತು. ಫೋನಿನ ಅಪ್‌ಲೋಡ್ ಕೊನೆಯ ಹನಿಯವರೆಗೂ ಸಂಪರ್ಕವನ್ನು ತುಂಬಿದಾಗ, ಫೈಬರ್ ಪೆಟ್ಟಿಗೆ ಕಳಿಸಲಾಗದ ಪ್ಯಾಕೆಟ್ಟುಗಳನ್ನು ಬಿಸಾಡುವ ಬದಲು ತನ್ನ ಹೊಟ್ಟೆಯಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತದೆ. ನನ್ನ ಕಾರಿನ ಪುಟ್ಟ ಪ್ಯಾಕೆಟ್ಟು ಆ ಸಾಲಿನ ಬಾಲದಲ್ಲಿ ನಿಲ್ಲಬೇಕಾಗುತ್ತದೆ. ಅಮೆರಿಕದ ಕಂಪ್ಯೂಟರ್ ತಜ್ಞ ಜಿಮ್ ಗೆಟ್ಟಿಸ್ ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟು 2010ರ ಸುಮಾರಿಗೆ ಎಲ್ಲರ ಗಮನಕ್ಕೆ ತಂದರು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನ, ಸಾಲಿನ ಉದ್ದವನ್ನು ಬಿಟ್ಟು ಪ್ಯಾಕೆಟ್ಟು ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದನ್ನು ನೋಡಿ ಸಾಲನ್ನು ಹದ್ದುಬಸ್ತಿನಲ್ಲಿಡುತ್ತದೆ. ಅದರ ವಂಶದಲ್ಲೇ ಬಂದ ಕೇಕ್ ಎಂಬ ವಿಧಾನ 2018ರಲ್ಲಿ ಲಿನಕ್ಸ್ 4.19ರ ಭಾಗವಾಯಿತು, ಓಪನ್‌ಡಬ್ಲ್ಯುಆರ್‌ಟಿಯ ಎಸ್‌ಕ್ಯೂಎಮ್ (ಸಾಲು ನಿರ್ವಹಣೆ) ಪುಟದಲ್ಲಿ ಆರಿಸಿಕೊಂಡರೆ ಸಾಕು.

ಆರಿಸಿಕೊಂಡರೆ ಸಾಕು ಎಂದೆನಾದರೂ ಅದು ಕೆಲಸ ಮಾಡಬೇಕಾದರೆ ಸಾಲು ನಮ್ಮ ರೂಟರಿನಲ್ಲೇ ಹುಟ್ಟಬೇಕು. ಅದಕ್ಕಾಗಿ ಎರಡು ಕೆಲಸ ಬೇಕಾದವು. ಒಂದು, ಇಂಟರ್‌ನೆಟ್ ಕೊಡುವವರಿಂದ ಪಿಪಿಪಿಒಇ (ಅವರ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಹೆಸರು ಮತ್ತು ಗುಪ್ತಪದ ಕೇಳಿ ಪಡೆದು, ಫೈಬರ್ ಪೆಟ್ಟಿಗೆಯನ್ನು ಪ್ಯಾಕೆಟ್ಟುಗಳನ್ನು ಬರಿದೇ ದಾಟಿಸುವ ಬ್ರಿಡ್ಜ್ ಸ್ಥಿತಿಗೆ ಹಾಕಿಸಿ, ಸಂಪರ್ಕವನ್ನು ನಮ್ಮ ರೂಟರಿನಿಂದಲೇ ಆರಂಭಿಸುವುದು. ಇದಕ್ಕೆ ಮೂರು ಫೋನ್ ಕರೆ ಮತ್ತು ಒಂದು ವಾರ ಹಿಡಿಯಿತು. ಎರಡು, ಪ್ಲಾನಿನ ವೇಗ 50 ಇದ್ದರೂ ರೂಟರಿಗೆ ಎರಡೂ ದಿಕ್ಕಿನಲ್ಲಿ 44 ಮೆಗಾಬಿಟ್ ಎಂದು ಕಡಿಮೆ ಹೇಳುವುದು. ಆ 6 ಮೆಗಾಬಿಟ್ ಬಿಟ್ಟುಕೊಟ್ಟದ್ದರ ಫಲವಾಗಿ ಫೈಬರ್ ಪೆಟ್ಟಿಗೆಯಲ್ಲಿ ಸಾಲು ಹುಟ್ಟುವುದೇ ಇಲ್ಲ. ಅಮ್ಮನ ಫೋನಿನಿಂದ ಅದೇ ವಿಡಿಯೋಗಳನ್ನು ಮತ್ತೆ ಏರಿಸಿ ನೋಡಿದೆ: ಪಿಂಗ್ 28ರಿಂದ 33ಕ್ಕೆ ಹೋಗಿ ಅಲ್ಲೇ ಉಳಿಯಿತು.

ಇನ್ನು ಸರ್ವರ್. ಅದುವರೆಗೆ ಬೆಂಗಳೂರಿನ ಗೆಳೆಯನೊಬ್ಬನ ಮನೆಯ ಕಂಪ್ಯೂಟರಿನಲ್ಲೇ ಸರ್ವರ್ ಓಡುತ್ತಿತ್ತು, ಅವನು ಅದೇ ಕಂಪ್ಯೂಟರಿನಲ್ಲಿ ರೇಸ್ ಕೂಡ ಓಡಿಸುತ್ತಿದ್ದ. ಹನ್ನೆರಡು ಜನರಲ್ಲಿ ಪ್ರತಿಯೊಬ್ಬರಿಗೂ ಉಳಿದ ಹನ್ನೊಂದು ಜನರ ಸುದ್ದಿ ಸೆಕೆಂಡಿಗೆ 18 ಬಾರಿ ಮುಟ್ಟಬೇಕೆಂದರೆ ಸೆಕೆಂಡಿಗೆ 2376 ಸುದ್ದಿ. ವಿಳಾಸದ ಭಾಗವೂ ಸೇರಿ ಒಂದಕ್ಕೆ 100 ಬೈಟ್ ಎಂದು ಅಂದಾಜು ಹಿಡಿದರೂ ಅದು 2 ಮೆಗಾಬಿಟ್ ಮುಟ್ಟುವುದಿಲ್ಲ, ಅವನ 10 ಮೆಗಾಬಿಟ್ ಅಪ್‌ಲೋಡಿಗೆ ಅದೇನೂ ಭಾರವಲ್ಲ. ಹಾಗಾದರೆ ಹತ್ತು ಗಂಟೆಗೆ ಏನಾಗುತ್ತಿತ್ತು? ವಿಚಾರಿಸಿದಾಗ ತಿಳಿದದ್ದು, ಅವನ ಮನೆಯ ನಾಲ್ಕು ಕಣ್ಗಾವಲು ಕ್ಯಾಮೆರಾಗಳು ದಿನದ ದೃಶ್ಯಗಳನ್ನು ರಾತ್ರಿ ಹತ್ತಕ್ಕೆ ಹೊರಗಿನ ಸಂಗ್ರಹಕ್ಕೆ ಕಳಿಸುತ್ತಿದ್ದವು. ನಮ್ಮ ಮನೆಯ ಮದುವೆ ಫೋಟೋಗಳ ಕಥೆಯೇ, ಆದರೆ ಇಲ್ಲಿ ಅದರ ಪೆಟ್ಟು ಹನ್ನೆರಡೂ ಜನರಿಗೆ ಬೀಳುತ್ತಿತ್ತು.

ಸರ್ವರನ್ನು ನನ್ನ ಮನೆಗೆ ತರುವ ಯೋಚನೆ ಅರ್ಧ ಗಂಟೆಯಲ್ಲಿ ಮುಗಿಯಿತು. ರೂಟರಿನ ಹೊರಮುಖದ ವಿಳಾಸ 100.64ರಿಂದ 100.127ರವರೆಗಿನ ಗುಂಪಿನಲ್ಲಿತ್ತು, ಅಂದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಿದೆ. ಹೊರಗಿನವರು ಒಳಗೆ ಬರುವ ದಾರಿ ಇಲ್ಲ. ಹಾಗಾಗಿ ಬಾಡಿಗೆ ಸರ್ವರ್. ಎಲ್ಲಿ ಎಂಬುದಕ್ಕೆ ಎಲ್ಲರ ಮನೆಯಿಂದ, ಪ್ಯಾಕೆಟ್ಟು ಸಾಗುವ ದಾರಿ ತೋರಿಸುವ ಎಮ್‌ಟಿಆರ್ ತಂತ್ರಾಂಶ ಓಡಿಸಿ ನೋಡಿದೆವು. ಬೆಂಗಳೂರಿನಲ್ಲೇ ಇಟ್ಟರೆ ಎಲ್ಲರಿಗೂ ಹತ್ತಿರವೆಂಬ ನಮ್ಮ ಎಣಿಕೆ ಸುಳ್ಳಾಯಿತು: ಮಂಗಳೂರಿನ ಇಬ್ಬರ ಪ್ಯಾಕೆಟ್ಟುಗಳು ಮುಂಬೈಗೆ ಹೋಗಿ ಅಲ್ಲಿಂದ ಬೆಂಗಳೂರಿಗೆ ಇಳಿಯುತ್ತಿದ್ದವು, ಸ್ಟುಟ್‌ಗಾರ್ಟ್‌ನವನದೂ ಅದೇ ದಾರಿ. ಬೆಂಗಳೂರಿನಿಂದ ಮುಂಬೈಗೆ ವಾಯುಮಾರ್ಗದಲ್ಲಿ ಸುಮಾರು 840 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ ಹೋಗಿಬರಲು ಕನಿಷ್ಠ 8 ಮಿಲಿಸೆಕೆಂಡ್ ಬೇಕೇಬೇಕು, ನಮಗೆ ಸಿಕ್ಕದ್ದು 25ರಿಂದ 30. ಮುಂಬೈಯನ್ನೇ ಆರಿಸಿದೆವು.

ಮೊದಲು ತೆಗೆದುಕೊಂಡ ಅತಿ ಅಗ್ಗದ ಸರ್ವರನ್ನು ಒಂದೇ ವಾರದಲ್ಲಿ ಬಿಡಬೇಕಾಯಿತು. ಪ್ರೊಸೆಸರ್ ಬಳಕೆ ತೋರಿಸುವ ಟಾಪ್ ಆಜ್ಞೆಯ ಮೇಲಿನ ಸಾಲಿನಲ್ಲಿ ಎಸ್‌ಟಿ ಎಂಬ ಅಂಕಿ ರಾತ್ರಿಯ ಹೊತ್ತು ನೂರಕ್ಕೆ 15ರವರೆಗೆ ಏರುತ್ತಿತ್ತು. ಅದೇ ಯಂತ್ರದಲ್ಲಿರುವ ಬೇರೆ ಬಾಡಿಗೆದಾರರಿಗಾಗಿ ನಮ್ಮ ಪಾಲಿನ ಪ್ರೊಸೆಸರ್ ಸಮಯವನ್ನು ಕಸಿದುಕೊಂಡದ್ದರ ಲೆಕ್ಕ ಅದು. 56 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಹಂಚಬೇಕಾದವನನ್ನು ಆಗಾಗ ನಿದ್ದೆಗೆ ದೂಡಿದರೆ ತಾಳ ತಪ್ಪದೆ ಇರುತ್ತದೆಯೇ? ಸ್ವಲ್ಪ ಹೆಚ್ಚು ತೆತ್ತು ಬೇರೆಡೆ ಹೋದೆವು, ಅಲ್ಲಿ ಆ ಅಂಕಿ ಸೊನ್ನೆಯ ಬಳಿಯೇ ಇದೆ. ಸರ್ವರಿನ ರಕ್ಷಣಾ ಗೋಡೆಯಲ್ಲಿ (ಫೈರ್‌ವಾಲ್) ತೆರೆಯಬೇಕಾದ ಬಾಗಿಲುಗಳು, ಅಂದರೆ ಪೋರ್ಟುಗಳು, ಮೂರು: ಯುಡಿಪಿ 9600, ಟಿಸಿಪಿ 9600, ಎಚ್‌ಟಿಟಿಪಿಗಾಗಿ 8081. ನಾನು ಯುಡಿಪಿಯನ್ನು ಮರೆತಿದ್ದೆ. ಸರ್ವರ್ ಪಟ್ಟಿಯಲ್ಲಿ ಕಾಣುತ್ತಿತ್ತು, ಒಳಗೆ ಹೋಗಲು ಯಾರಿಗೂ ಆಗುತ್ತಿರಲಿಲ್ಲ. ಕಾರಿನ ಕಡತಗಳು ಸರ್ವರಿನಲ್ಲಿರುವುದಕ್ಕೂ ಆಟಗಾರರಲ್ಲಿರುವುದಕ್ಕೂ ಒಂದು ಅಕ್ಷರ ವ್ಯತ್ಯಾಸವಿದ್ದರೂ ಚೆಕ್‌ಸಮ್ (ಕಡತದ ಗುರುತಿನ ಅಂಕಿ) ತಪ್ಪೆಂದು ಸರ್ವರ್ ಆಟಗಾರನನ್ನು ಹೊರಹಾಕುತ್ತದೆ, ಆದ್ದರಿಂದ ಎಲ್ಲರಿಗೂ ಒಂದೇ ಕಡತದ ಗಂಟನ್ನು ಕಳಿಸಿದೆವು.

ಸರ್ವರ್ ನೆಲೆನಿಂತ ಮೇಲೆ ಸುದ್ದಿಯ ಪ್ರಮಾಣವನ್ನು ಸೆಕೆಂಡಿಗೆ 18ರಿಂದ 30ಕ್ಕೆ ಏರಿಸಿದೆ. ಬ್ರೇಕ್ ಹಾಕುವ ಜಾಗದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು, ಪಕ್ಕಪಕ್ಕದಲ್ಲೇ ಷಿಕೇನ್ ಹೊಕ್ಕು ಹೊರಬರುವ ಧೈರ್ಯ ಬಂತು. ಇಷ್ಟು ಒಳ್ಳೆಯದಾದರೆ 60 ಇನ್ನೂ ಒಳ್ಳೆಯದಿರಬೇಕೆಂದು ಅದನ್ನೂ ನೋಡಿದೆವು. ಸರ್ವರ್ ಹಂಚಬೇಕಾದ ಸುದ್ದಿ ಸೆಕೆಂಡಿಗೆ 7920 ಆಯಿತು. ಸರ್ವರಿಗೆ ಅದು ಲೆಕ್ಕಕ್ಕಿರಲಿಲ್ಲ, ಆದರೆ ಆ ದಿನ ಮೊಬೈಲ್ ಹಾಟ್‌ಸ್ಪಾಟಿನಿಂದ ಬಂದಿದ್ದ ಮಂಗಳೂರಿನ ಒಬ್ಬನಿಗೆ ಎಲ್ಲರೂ ಮತ್ತೆ ಜಿಗಿಯತೊಡಗಿದರು, ಉಳಿದವರಿಗೆ 30ಕ್ಕೂ 60ಕ್ಕೂ ಅಂತರವೇ ತಿಳಿಯಲಿಲ್ಲ. 30ರಲ್ಲೇ ಬಿಟ್ಟಿದ್ದೇವೆ.

ಹುಬ್ಬಳ್ಳಿಯ ಹಿರಿಯರ ದೋಷ ಕೊನೆಗೆ ಉಳಿಯಿತು. ಅವರ ಕಾರು ನಮಗೆಲ್ಲ ಕುಂಟುತ್ತಾ ಕಾಣುತ್ತಿತ್ತು. ಅವರಿಗೆ ಹೇಳಿದರೆ, "ನನಗೆ ಎಲ್ಲಾ ಚಲೋ ಕಾಣ್ತೈತ್ರಿ, ನಿಮ್ಮ ಕಡೇನ ಏನರ ತಪ್ಪೈತೇನ ನೋಡ್ರಿ" ಎನ್ನುತ್ತಿದ್ದರು. ಅವರ ಪಿಂಗ್ ನಿಜಕ್ಕೂ ನಮ್ಮೆಲ್ಲರಿಗಿಂತ ಸ್ಥಿರವಾಗಿತ್ತು, ಒಂದೂ ನಷ್ಟವಿರಲಿಲ್ಲ. ಪರದೆಯನ್ನು ಹಂಚಿಕೊಳ್ಳಲು ಕೇಳಿಕೊಂಡ ಮೇಲೆ ಗುಟ್ಟು ರಟ್ಟಾಯಿತು: ಗುಂಪಿನಲ್ಲಿ ಕಾರುಗಳು ಸೇರಿದಾಗಲೆಲ್ಲ ಪ್ರೊಸೆಸರ್ ಬಳಕೆ ನೂರಕ್ಕೆ 99 ಮೀರಿದೆ ಎಂದು ಆಟವೇ ಎಚ್ಚರಿಕೆ ಕೊಡುತ್ತಿತ್ತು, ಅವರು ಅದನ್ನು ಬಹಳ ದಿನಗಳಿಂದ ನೋಡಿ ಅಭ್ಯಾಸವಾಗಿ ಗಮನಿಸುವುದನ್ನೇ ಬಿಟ್ಟಿದ್ದರು. ಸೆಕೆಂಡಿಗೆ 333 ಲೆಕ್ಕ ಎಂದರೆ ಒಂದೊಂದಕ್ಕೆ 3 ಮಿಲಿಸೆಕೆಂಡ್ ಸಮಯ. ಅಷ್ಟರಲ್ಲಿ ಮುಗಿಯದಿದ್ದರೆ ಅವರ ಕಾರಿನ ಕಾಲವೇ ನಮ್ಮ ಕಾಲಕ್ಕಿಂತ ಹಿಂದೆ ಬೀಳುತ್ತದೆ, ಅವರಿಗೆ ಅದು ತಿಳಿಯುವುದೂ ಇಲ್ಲ. ಲ್ಯಾಪ್‌ಟಾಪಿನ ಮೂಲ ಚಾರ್ಜರ್ ಕೆಟ್ಟು ಕಡಿಮೆ ವ್ಯಾಟಿನ ಬೇರೆಯದನ್ನು ಹಾಕಿದ್ದರಿಂದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡಿತ್ತು. ಜೊತೆಗೆ ಮೊಮ್ಮಗನಿಗೆ ತೋರಿಸಲೆಂದು ರೇಸನ್ನು ರೆಕಾರ್ಡ್ ಕೂಡ ಮಾಡುತ್ತಿದ್ದರು. ಸರಿಯಾದ ಚಾರ್ಜರ್ ತರಿಸಿ, ಕನ್ನಡಿಗಳ ಗುಣಮಟ್ಟ ಮತ್ತು ಪ್ರತಿಫಲನಗಳನ್ನು ತಗ್ಗಿಸಿ, ಚಿತ್ರದ ವೇಗವನ್ನು ಸೆಕೆಂಡಿಗೆ 60ಕ್ಕೆ ಕಟ್ಟಿಹಾಕಿದ ಮೇಲೆ ಎಚ್ಚರಿಕೆ ಮಾಯವಾಯಿತು. ರೆಕಾರ್ಡಿಂಗನ್ನು ಬಿಡಲು ಅವರು ಒಪ್ಪಲಿಲ್ಲ. ರೇಸ್ ಮುಗಿದ ನಂತರ ಆಟದ ರಿಪ್ಲೇಯಿಂದ ತೆಗೆದುಕೊಳ್ಳುವುದೆಂದು ರಾಜಿಯಾಯಿತು.

ಕಳೆದ ಶನಿವಾರ ಬಿಎಂಡಬ್ಲ್ಯು ಝಡ್4 ಜಿಟಿ3 ಕಾರುಗಳಲ್ಲಿ ಮೊನ್ಜಾದಲ್ಲೇ 20 ಸುತ್ತಿನ ರೇಸ್ ಇಟ್ಟುಕೊಂಡೆವು. ಸ್ಟುಟ್‌ಗಾರ್ಟ್‌ನವನ ಪಿಂಗ್ 140ರ ಹತ್ತಿರ ಇದ್ದರೂ ಏರಿಳಿತವಿಲ್ಲದ್ದರಿಂದ ಅವನ ಕಾರು ನೀರಿನ ಮೇಲೆ ದೋಣಿ ಜಾರಿದಂತೆ ಸಾಗುತ್ತಿತ್ತು. ನಾಲ್ಕು ಸುತ್ತು ಅವನ ಬೆನ್ನಿಗೇ ಅಂಟಿಕೊಂಡು ಓಡಿಸಿದೆ, ಒಮ್ಮೆಯೂ ಮುಟ್ಟಲಿಲ್ಲ. ಮೊದಲ ಷಿಕೇನಿನಲ್ಲಿ ಇಬ್ಬರು ಡಿಕ್ಕಿ ಹೊಡೆದುಕೊಂಡರು. ಅದು ಅವರದೇ ತಪ್ಪೆಂದು ಇಬ್ಬರೂ ಒಪ್ಪಿಕೊಂಡದ್ದು ನಮ್ಮ ಗುಂಪಿನ ಇತಿಹಾಸದಲ್ಲಿ ಮೊದಲು.

14ನೆಯ ಸುತ್ತಿನಲ್ಲಿ ಇಲ್ಲಿ ಕರೆಂಟು ಹೋಯಿತು. ಫೈಬರ್ ಪೆಟ್ಟಿಗೆ ಮತ್ತು ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದ್ದೆ, ಕಂಪ್ಯೂಟರು ಇನ್ವರ್ಟರಿನ ಮೇಲಿತ್ತು, ಸಂಪರ್ಕದ ಒಂದು ಪ್ಯಾಕೆಟ್ಟೂ ಕಳೆಯಲಿಲ್ಲ. ಸ್ಟಿಯರಿಂಗಿನ ಅಡಾಪ್ಟರನ್ನು ಮಾತ್ರ ಇನ್ವರ್ಟರ್ ಇಲ್ಲದ ಪ್ಲಗ್ಗಿಗೆ ಚುಚ್ಚಿದ್ದೆ. ಲೆಸ್ಮೋ ತಿರುವಿನ ನಡುವೆ ಅದು ಸತ್ತಿತು. ಒಂದೇ ಕ್ಷಣದಲ್ಲಿ ಕರೆಂಟು ಮರಳಿದಾಗ ಎಂದಿನಂತೆ ತನ್ನನ್ನು ತಾನು ಸರಿಹೊಂದಿಸಿಕೊಳ್ಳಲು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕೊನೆಯವರೆಗೂ ಗಿರ್ರನೆ ತಿರುಗಿತು, ಕಾರು ನೆಟ್ಟಗೆ ಹೋಗಿ ತಡೆಗೋಡೆಗೆ ಬಡಿಯಿತು. ಹನ್ನೊಂದು ಜನರಿಗೂ ಆ ದೃಶ್ಯ ಎಲ್ಲಿಯೂ ಜಿಗಿಯದೆ, ತಡವರಿಸದೆ, ಸ್ಪಷ್ಟವಾಗಿ ಕಂಡಿತಂತೆ.